ಒಂದು ದಿನ ಬಿಟ್ಟು

ಜೂನ್ 3, ಭಾನುವಾರ

ಅರವತ್ತೊಂದು ಜನ! ಕೈ ಸೆಟೆದುಕೊಂಡಿದೆ, ಪೆನ್ನು ಹಿಡಿಯಲಾಗುತ್ತಿಲ್ಲ, ಆದರೂ ಬರೆದಿಡದಿದ್ದರೆ ಸಮಾಧಾನವಿಲ್ಲ. ನಮ್ಮ ಫಾರ್ಮಸಿ ವಿದ್ಯಾರ್ಥಿ ಸಂಘದ ಮೊದಲ ಶಿಬಿರ ಇವತ್ತು ಗ್ರಂಥಾಲಯದ ಹಿಂದಿನ ಹಾಲ್‌ನಲ್ಲಿ ನಡೆಯಿತು. ಮನೆಯಲ್ಲಿರುವ ಔಷಧವನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಬನ್ನಿ, ಯಾವುದನ್ನು ಯಾವಾಗ ನುಂಗಬೇಕೆಂದು ತಿಳಿಸುತ್ತೇವೆ ಎಂದು ವಾರವಿಡೀ ಬೀದಿ ಸುತ್ತಿ ಚೀಟಿ ಹಂಚಿದ್ದೆವು. ಜನ ಒಂಬತ್ತಕ್ಕೇ ಬಾಗಿಲಲ್ಲಿ ನಿಂತಿದ್ದರು.

ಅಂಗಡಿಯವರು ಲಕೋಟೆಯ ಮೇಲೆ ಗೀಚುವ 1-0-1 ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ನಮಗೆ ಗೊತ್ತು; ನುಂಗುವವರಿಗೆ ಗೊತ್ತೇ? ಒಬ್ಬ ಅಜ್ಜ "ನೂರಾ ಒಂದು ನುಂಗೋಕೆ ಹೊಟ್ಟೇಲಿ ಜಾಗ ಬೇಕಲ್ಲಮ್ಮ" ಎಂದರು. ತಮಾಷೆಗೋ ನಿಜಕ್ಕೋ ಕೇಳಲಿಲ್ಲ, ಭಾಷಣಕ್ಕೆ ಬೇಕಾಗುತ್ತದೆಂದು ಬರೆದುಕೊಂಡೆ.

ಈ ತಿಂಗಳ 29ಕ್ಕೆ ಔಷಧ ಮಂಡಳಿಯ ಉಪಸಮಿತಿಯ ಮುಂದೆ ನಮ್ಮ ಬೇಡಿಕೆ ಬರುತ್ತದೆ. ಪ್ರತಿ ಔಷಧದ ಮೇಲೂ ಸೇವಿಸುವ ಕ್ರಮವನ್ನು ಜನರ ಮಾತಿನಲ್ಲಿ, ಪೂರ್ತಿ ವಾಕ್ಯದಲ್ಲಿ ಬರೆಯುವುದು ಕಡ್ಡಾಯವಾಗಬೇಕು. "ಅಂಕಿ ಬೇಡ, ಅಕ್ಷರ ಬೇಕು" ಎಂಬ ಘೋಷಣೆ ನನ್ನದೇ. ಸಂಘದ ಅಧ್ಯಕ್ಷ ನನ್ನ ಸಹಪಾಠಿ. ಅವನ ಗಂಟಲಿಗೆ ಇಡೀ ಕಾಲೇಜು ಮೈಕು ಎಂದು ಹೆಸರಿಟ್ಟಿದೆ. ಅವನು ಕೂಗುವುದು, ನಾನು ಬರೆಯುವುದು. ಇವತ್ತಿನ ಸ್ಟಿಕ್ಕರ್‌ಗಳೆಲ್ಲ ನನ್ನ ಕೈಬರಹ. ಮುದ್ರಿಸಿದ ಹಾಗಿದೆ ಎಂದು ಎಷ್ಟು ಜನ ಹೇಳಿದರು!

ಕೊನೆಗೆ ಬಂದವರು ಒಬ್ಬ ನಿವೃತ್ತ ಟೀಚರು, ಎಪ್ಪತ್ತು ದಾಟಿದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಅವರ ಹೃದಯದ ಮಾತ್ರೆಯ ಲಕೋಟೆಯ ಮೇಲೆ ಯಾರೋ ಕಾಗೆಕಾಲು ಗುಬ್ಬಿಕಾಲು ಮಾಡಿ "ಸೋ ಬು ಶು ½" ಎಂದು ಗೀಚಿದ್ದರು. ಡಾಕ್ಟರ ಚೀಟಿಯಲ್ಲಿರುವುದು ದಿನ ಬಿಟ್ಟು ದಿನ. ಸೋಮ, ಬುಧ, ಶುಕ್ರ ಎಂದರೆ ಶುಕ್ರದಿಂದ ಸೋಮಕ್ಕೆ ಎರಡು ದಿನ ಖಾಲಿ ಬೀಳುತ್ತದೆ, ಅಷ್ಟೂ ಗೊತ್ತಾಗಬಾರದೇ? ಲಕೋಟೆಯನ್ನು ಬುಟ್ಟಿಗೆ ಎಸೆದು, ಮಾತ್ರೆಯ ತಗಡಿನ ಹಾಳೆಗೆ ನನ್ನ ಸ್ಟಿಕ್ಕರ್ ಅಂಟಿಸಿದೆ: "ಒಂದು ದಿನ ಬಿಟ್ಟು ಅರ್ಧ ಮಾತ್ರೆ." ದಿನ ಬಿಟ್ಟು ದಿನ ಎಂದು ಬರೆದರೆ ಒಂದೇ ಪದ ಎರಡು ಸಲ ಬಂದು ಚೆಂದ ಕಾಣುವುದಿಲ್ಲ. ಟೀಚರು ಇನ್ನೂ ಏನೋ ಹೇಳುವುದಕ್ಕಿದ್ದರು, ಅಷ್ಟರಲ್ಲಿ ಹಾಲ್ ಖಾಲಿ ಮಾಡಿ ಎಂದು ಕಾವಲಿನವನು ಬಂದ.

ಮನೆಗೆ ಬಂದರೆ ಅಮ್ಮ ಮಂಡಿ ನೋವಿನದೇನೋ ಶುರು ಮಾಡಿದಳು. ಹ್ಞೂಂ ಹ್ಞೂಂ ಎಂದೆ.

ಜೂನ್ 11, ಸೋಮವಾರ

ಹಣೆಬರಹ ಎಂದರೆ ಇದು. ಕೊನೆಯ ವರ್ಷದವರು ನಾಲ್ಕು ವಾರ ಔಷಧದ ಅಂಗಡಿಯಲ್ಲಿ ಕೆಲಸ ಕಲಿಯಬೇಕು. ತರಬೇತಿ ಪುಸ್ತಕಕ್ಕೆ ಅಲ್ಲಿನ ಯಜಮಾನರ ಸಹಿ ಬೀಳದಿದ್ದರೆ ಪದವಿ ಇಲ್ಲ. ನನ್ನನ್ನು ಹಾಕಿರುವುದು ಯಾರ ಅಂಗಡಿಗೆ? ಔಷಧ ವ್ಯಾಪಾರಿಗಳ ಸಂಘದ ಕಾರ್ಯದರ್ಶಿಯ ಅಂಗಡಿಗೆ. 29ಕ್ಕೆ ನಮ್ಮ ಎದುರು ಕೂತು ಆಕ್ಷೇಪ ಹೇಳಲಿರುವ ಮನುಷ್ಯ.

ಅರವತ್ತರ ಮೇಲಿನ ಮನುಷ್ಯ. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಕನ್ನಡಕ ತೆಗೆದು ತಗಡಿನ ಡಬ್ಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ, ದಿನಕ್ಕೆ ನೂರು ಸಲ ಅದರ ಟಕ್ ಟಕ್. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಕಿ ಬೇಡ ಅಂದೋಳು ನೀನೇನಾ?" ಎಂದರು. ಹೌದು ಸರ್ ಎಂದೆ. ಕಪಾಟುಗಳಿಗೆ ಹೆಸರಿನ ಚೀಟಿ ಬರೆಯಲು ಕೂರಿಸಿದರು. ಇಡೀ ದಿನ ಅದೇ.

ಇನ್ನೊಂದು ಪತ್ತೆಯಾಯಿತು. ಟೀಚರ ಲಕೋಟೆಯ ಮೇಲಿದ್ದ ಕಾಗೆಯ ಕಾಲು ಇವರದೇ! ನಗು ತಡೆದುಕೊಳ್ಳುವುದು ಕಷ್ಟವಾಯಿತು.

ಜೂನ್ 14, ಗುರುವಾರ

ಯಜಮಾನರು ನಮ್ಮ ವಿರುದ್ಧದ ಆಕ್ಷೇಪ ಪತ್ರವನ್ನು ನನ್ನ ಕಣ್ಣೆದುರೇ ಬರೆಯುತ್ತಿದ್ದಾರೆ. ಏನು ಗತ್ತು! ಗಿರಾಕಿಗಳು ಬಂದರೂ ತಲೆ ಎತ್ತುವುದಿಲ್ಲ. ಸಂಜೆ ಟೀಚರ ಮಗಳು ಬಂದು ಅಮ್ಮನ ಹೃದಯದ ಮಾತ್ರೆ ಮುಗಿದಿದೆ ಎಂದು ಖಾಲಿ ಹಾಳೆ ತೋರಿಸಿದಳು. ನನ್ನ ಸ್ಟಿಕ್ಕರ್ ಅದರ ಮೇಲೆ ಫಳಫಳ ಎನ್ನುತ್ತಿತ್ತು. ಇವರು ಪತ್ರದಿಂದ ಕಣ್ಣು ಕೀಳದೆಯೇ ಕೈಚಾಚಿ ಇನ್ನೊಂದು ಹಾಳೆ ತೆಗೆದುಕೊಟ್ಟರು. ಮಗಳು ಸ್ಟಿಕ್ಕರನ್ನು ಹುಷಾರಾಗಿ ಬಿಡಿಸಿ ಹೊಸದಕ್ಕೆ ಅಂಟಿಸಿಕೊಂಡಳು. ಒಳಗೊಳಗೇ ಹಿಗ್ಗಿಹೋದೆ. ಇವರ ಲಕೋಟೆ ಬುಟ್ಟಿ ಸೇರಿತು, ನನ್ನ ಅಕ್ಷರ ಉಳಿಯಿತು.

ಜೂನ್ 19, ಮಂಗಳವಾರ

ಹೇಗೆ ಬರೆಯಲಿ?

ಹನ್ನೊಂದು ಗಂಟೆಗೆ ಟೀಚರ ಮಗಳು ಓಡಿಬಂದಳು. ಅಮ್ಮ ಮೂರು ದಿನದಿಂದ ಅನ್ನ ಮುಟ್ಟುತ್ತಿಲ್ಲ, ವಾಂತಿ, ಇವತ್ತು ಬೆಳಿಗ್ಗೆ ಗೋಡೆಗೆ ಯಾಕೆ ಹಳದಿ ಬಣ್ಣ ಬಳಿಸಿದೆ ಎಂದು ಕೇಳುತ್ತಿದ್ದಾರೆ, ಹೊಟ್ಟೆಗೆ ಏನಾದರೂ ಕೊಡಿ ಎಂದಳು. ಹಳದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬರೆಯುತ್ತಿದ್ದ ಚೀಟಿ ಬಿಟ್ಟು ಎದ್ದು ನಿಂತೆ. ಆ ಮಾತ್ರೆ ಮೈಯಲ್ಲಿ ಹೆಚ್ಚಾದರೆ ಕಣ್ಣಿಗೆ ಎಲ್ಲ ಹಳದಿ ಕಾಣುತ್ತದೆ. ಎರಡನೇ ವರ್ಷದ ಪಾಠ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿತ್ತು.

ಯಜಮಾನರು ಮಾತ್ರೆಯ ಹಾಳೆ ತೋರಿಸು ಎಂದರು. ಉಳಿದದ್ದನ್ನು ಬೆರಳಿನಿಂದ ಎಣಿಸಿದರು. ಸ್ಟಿಕ್ಕರ್ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಗೊಣಗಲಿಲ್ಲ; ಇನ್ನು ಒಂದು ಚೂರೂ ಕೊಡಬೇಡ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಅವಳನ್ನು ಆಟೋ ಹತ್ತಿಸಿ, ಡಾಕ್ಟರಿಗೆ ಫೋನ್ ಮಾಡಿದರು. ಫೋನ್ ಇಟ್ಟು ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಎದುರಿನ ಕಪಾಟಿಗೆ ನಾನು ಬರೆದ ಚೀಟಿಗಳನ್ನು ನೋಡಿದರು, ಸ್ಟಿಕ್ಕರನ್ನು ನೋಡಿದರು.

"ಅಕ್ಷರ ಚೆನ್ನಾಗಿದೆ" ಎಂದರು. ಅದನ್ನು ಕನ್ನಡಕದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ ಟಕ್ ಎಂದು ಮುಚ್ಚಿದರು.

ನಾನು ಬರೆದದ್ದರಲ್ಲಿ ತಪ್ಪೇನಿದೆ? ಒಂದು ದಿನ ಬಿಟ್ಟು ಅರ್ಧ. ಡಾಕ್ಟರೂ ಅದನ್ನೇ ಹೇಳಿದ್ದು. ಅವರೇ ತಪ್ಪಾಗಿ ಓದಿಕೊಂಡಿರಬೇಕು. ವಯಸ್ಸಾಗಿದೆ.

ಜೂನ್ 20, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ನಾಡಿ ನಿಮಿಷಕ್ಕೆ ನಲವತ್ತೆರಡು. ಮಂಚದ ಪಕ್ಕದ ಪರದೆಯಲ್ಲಿ ಹಸಿರು ಗೆರೆ ಏಳುವುದಕ್ಕೆ ಕಾದು ಕಾದು ನೋಡುತ್ತಿದ್ದೆ. ಮಗಳು ಹೊರಗೆ ಬಂದು, ಅಮ್ಮನ ಮೂತ್ರಪಿಂಡ ಮೊದಲೇ ಸೋತಿದೆ, ಮಾತ್ರೆ ಮೈಯಿಂದ ಇಳಿಯಲು ದಿನ ಹಿಡಿಯುತ್ತದಂತೆ, ಇವತ್ತು ನಾಳೆ ಏನೂ ಹೇಳಲಾಗದಂತೆ ಎಂದಳು.

ಟೀಚರು ನನ್ನ ಗುರುತು ಹಿಡಿದರು. ಮಗಳಿಗೆ, "ಪಾಪ, ಇವಳನ್ನ ಬಯ್ಯಬೇಡ, ಇವಳು ನೀಟಾಗಿ ಬರ್ಕೊಟ್ಟಿದ್ದಳು" ಎಂದರು. ಅದಕ್ಕಿಂತ ಕೆನ್ನೆಗೆ ಎರಡು ಕೊಟ್ಟಿದ್ದರೆ ಚೆನ್ನಾಗಿತ್ತು. ಹೇಗೆ ತೆಗೆದುಕೊಂಡಿರಿ ಎಂದು ಕೇಳಿದೆ. ಈ ಪ್ರಶ್ನೆ ಹದಿನೇಳು ದಿನದ ಹಿಂದೆ ಕೇಳಿದ್ದರೆ ಅರ್ಧ ನಿಮಿಷದ ಕೆಲಸ.

"ನೀನು ಬರ್ದ ಹಾಗೇ. ಭಾನುವಾರ ನೀನು ಬರ್ಕೊಟ್ಟೆ. ಒಂದು ದಿನ ಬಿಟ್ಟೆ, ಸೋಮವಾರ. ಮಂಗಳವಾರದಿಂದ ಅರ್ಧ ಅರ್ಧ ದಿನಾ ತಗೊಂಡೆ."

ಅಲ್ಲ ಟೀಚರ್, ಅದರ ಅರ್ಥ ಹಾಗಲ್ಲ ಎಂದು ಬಾಯಿ ತೆರೆದೆ. ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಮೂವತ್ತೆಂಟು ವರ್ಷ ವ್ಯಾಕರಣ ಹೇಳ್ಕೊಟ್ಟಿದೀನಿ. 'ಎರಡು ದಿನ ಬಿಟ್ಟು ಬಾ' ಅಂದ್ರೆ ಏನು ಮಾಡ್ತೀಯ? ಎರಡು ದಿನಕ್ಕೊಂದ್ಸಲ ಬರ್ತಾ ಇರ್ತೀಯಾ?"

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಯಾರಿಗೆ ಕಂಡರೆ ಏನು.

ಜೂನ್ 21, ಗುರುವಾರ

ಶಿಬಿರದ ಪುಸ್ತಕ ತೆಗೆದು ನೋಡಿದೆ. ಅದೇ ವಾಕ್ಯವನ್ನು ಇನ್ನೂ ಮೂವರಿಗೆ ಬರೆದಿದ್ದೇನೆ. ಯಜಮಾನರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮಧ್ಯಾಹ್ನವೇ ಹೊರಟೆ.

ಇಸ್ತ್ರಿ ಅಂಗಡಿಯವರು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆ. ಡಾಕ್ಟರು ಬಾಯಲ್ಲಿ ಹೇಳಿದ್ದರಂತೆ, ನನ್ನ ಸ್ಟಿಕ್ಕರ್ ಓದಿಯೇ ಇಲ್ಲ, ನೋಡಲು ಚೆನ್ನಾಗಿದೆ ಎಂದು ಇಟ್ಟುಕೊಂಡಿದ್ದಾರೆ. ಎರಡನೆಯವರು ಒಬ್ಬ ಬಡಗಿ. ಅವರ ಹೆಂಡತಿ ಒಳಗಿನಿಂದ ಡಬ್ಬಿ ತಂದು, "ಒಂದು ದಿನ ಬಿಟ್ಟು ಅಂತ ಬರ್ದಿದೀರಲ್ಲ, ಒಂದೇ ದಿನ ಬಿಟ್ವಿ" ಎಂದಳು. ಅವರಿಗೂ ದಿನಾ! ಪುಣ್ಯಕ್ಕೆ ಅದು ಬರೀ ವಿಟಮಿನ್. ಮೂರನೆಯ ಮನೆಗೆ ಬೀಗ. ಪಕ್ಕದವರು ಸಂಜೆ ಬರುತ್ತಾರೆ ಎಂದರು. ಕಟ್ಟೆಯ ಮೇಲೆ ಎರಡು ಗಂಟೆ ಕಾದೆ. ಆ ಎರಡು ಗಂಟೆಯಲ್ಲಿ ತಲೆಯೊಳಗೆ ಏನೇನು ಬಂತೋ ಬರೆಯುವುದಿಲ್ಲ. ಬಂದರು. ನಡೆದುಕೊಂಡೇ ಬಂದರು, ಕೈಯಲ್ಲಿ ಸೊಪ್ಪಿನ ಚೀಲ. ಅವರು ಸರಿಯಾಗಿಯೇ ನುಂಗುತ್ತಿದ್ದರು. ನನಗೆ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು, ನೀರು ಕೇಳಿ ಕುಡಿದು ಬಂದೆ.

ಓದಿದ ಮೂವರಲ್ಲಿ ಇಬ್ಬರು ಒಂದು ರೀತಿ, ಒಬ್ಬರು ಇನ್ನೊಂದು ರೀತಿ. ಇದನ್ನು ವಯಸ್ಸಿನ ತಲೆಗೆ ಕಟ್ಟುವ ಹಾಗಿಲ್ಲ.

ಜೂನ್ 23, ಶನಿವಾರ

ಮೈಕುವಿಗೆ ಎಲ್ಲ ಹೇಳಿದೆ. ಮೊದಲ ಸಲ ಅವನ ದನಿ ಸಣ್ಣದಾದದ್ದು ಕೇಳಿದೆ. "29 ಆಗೋ ತನಕ ಬಾಯಿ ಮುಚ್ಕೊಂಡಿರು. ಎರಡು ವರ್ಷದ ಕೆಲಸ ಕಣೇ. ಒಂದು ಸ್ಟಿಕ್ಕರ್ ತೋರಿಸಿದ್ರೆ ಸಾಕು, ಹುಡುಗರಾಟ ಅಂತ ಕಸದ ಬುಟ್ಟಿಗೆ ಹಾಕ್ತಾರೆ" ಎಂದ.

ಆ ಸ್ಟಿಕ್ಕರ್ ಎಲ್ಲಿದೆ ಎಂಬುದನ್ನೂ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕೂತ. ಹಾಗಾದರೆ ಮುಗಿಯಿತು, ಆ ಮುದುಕ ಅದನ್ನು ಸಮಿತಿಯ ಮುಂದೆ ಇಟ್ಟೇ ಇಡುತ್ತಾನೆ, ನಿನ್ನ ಪುಸ್ತಕಕ್ಕೆ ಸಹಿಯನ್ನೂ ಹಾಕುವುದಿಲ್ಲ ಎಂದ.

ನನಗೂ ಹಾಗೆಯೇ ಅನ್ನಿಸುತ್ತದೆ. ಅಂಗಡಿಯಲ್ಲಿ ಆ ಡಬ್ಬಿ ಟಕ್ ಎಂದಾಗಲೆಲ್ಲ ತಿರುಗಿ ನೋಡುತ್ತೇನೆ. ಅವರು ಅದರ ಮಾತೇ ಎತ್ತುವುದಿಲ್ಲ. ಬಯ್ದುಬಿಡಬಾರದೇ? ನಿನ್ನೆ ಧೈರ್ಯ ಮಾಡಿ, ಟೀಚರಿಗೆ ಸೋಮ-ಬುಧ-ಶುಕ್ರ ಯಾಕೆ ಬರೆದಿರಿ ಸರ್ ಎಂದೆ. ಡಾಕ್ಟರಿಗೆ ಫೋನಿನಲ್ಲಿ ಕೇಳಿಯೇ ಮಾಡಿದ್ದಂತೆ; ನಿನ್ನೆ ನುಂಗಿದೆನೋ ಇಲ್ಲವೋ ಎಂದು ಟೀಚರಿಗೆ ಮರೆಯುತ್ತದೆ, ವಾರ ಮರೆಯುವುದಿಲ್ಲ, ಶಾಲೆಯ ವೇಳಾಪಟ್ಟಿಯ ಅಭ್ಯಾಸ ಎಂದು ಅವರೇ ಹೇಳಿದ್ದರಂತೆ. ಅವರು ಹಾಲ್‌ನಲ್ಲಿ ನನಗೆ ಹೇಳಲು ಹೊರಟದ್ದೂ ಇದೇ ಇರಬೇಕು.

ಜೂನ್ 24, ಭಾನುವಾರ

ನಾಡಿ ಐವತ್ತೆಂಟು. ಗೋಡೆ ಬೆಳ್ಳಗೆ ಕಾಣುತ್ತಿದೆಯಂತೆ. ಎರಡು ತುತ್ತು ಅನ್ನ ತಿಂದರು. ನಾನೇ ತಟ್ಟೆ ಹಿಡಿದಿದ್ದೆ.

ಮನೆಗೆ ಬಂದು ಅಮ್ಮನ ಪಕ್ಕ ಕೂತೆ. ಮಂಡಿ ಯಾವಾಗ ನೋಯುತ್ತದೆ, ಏರುವಾಗಲೋ ಇಳಿಯುವಾಗಲೋ ಎಂದೆ. ಇಳಿಯುವಾಗ, ಅದನ್ನೇ ಮೂರು ವಾರದಿಂದ ಹೇಳುತ್ತಿದ್ದೇನೆ ಎಂದಳು. ಸುಮಾರು ಹೊತ್ತು ಮಾತಾಡಿದಳು. ಅವಳಿಗೆ ಅಷ್ಟು ಮಾತು ಬರುತ್ತದೆಂದು ಗೊತ್ತಿರಲಿಲ್ಲ.

ಜೂನ್ 28, ಗುರುವಾರ

ನಾಳೆ. ಬರೆದ ಭಾಷಣವನ್ನು ಮತ್ತೆ ಓದಿದೆ. ನೂರಾ ಒಂದು ಮಾತ್ರೆಯ ತಮಾಷೆಯನ್ನು ಹೊಡೆದುಹಾಕಿದೆ. ಟೀಚರು ಬದುಕಿದ್ದಾರೆ, ಮನೆಗೆ ಬಂದಿದ್ದಾರೆ, ಇನ್ನು ಸುಮ್ಮನಿದ್ದರೆ ಯಾರಿಗೆ ನಷ್ಟ ಎಂದು ನೂರು ಸಲ ಕೇಳಿಕೊಂಡೆ. ನಾನು ಸುಮ್ಮನಿದ್ದರೂ ಡಬ್ಬಿ ಸುಮ್ಮನಿರಬೇಕಲ್ಲ.

ಜೂನ್ 29, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಉದ್ದನೆಯ ಕೋಣೆ, ಉದ್ದನೆಯ ಮೇಜು, ಸಮಿತಿಯಲ್ಲಿ ಐದು ಜನ. ಮೊದಲು ಯಜಮಾನರು ಆಕ್ಷೇಪ ಓದಿದರು. ಸ್ಟಿಕ್ಕರ್‌ನಲ್ಲಿ ಜಾಗ ಸಾಲದು, ಅಂಗಡಿಯಲ್ಲಿ ಕೈ ಸಾಲದು, ಇಂಥವೇ. ಡಬ್ಬಿ ಮೇಜಿನ ಮೇಲಿತ್ತು. ನನ್ನ ಕಣ್ಣು ಅದರ ಮೇಲೆಯೇ. ಅವರು ಓದಿ ಮುಗಿಸಿದರು, ಕನ್ನಡಕ ಒಳಗಿಟ್ಟರು, ಮುಚ್ಚಿದರು, ಕೂತರು. ಸ್ಟಿಕ್ಕರ್ ಮಾತೇ ಎತ್ತಲಿಲ್ಲ!

ಮೈಕು ನನ್ನ ಕಾಲು ತುಳಿದ. ಸಮಿತಿಯ ಅಧ್ಯಕ್ಷರು, ವಿದ್ಯಾರ್ಥಿಗಳ ಬೇಡಿಕೆ ನ್ಯಾಯವಾಗಿಯೇ ಕಾಣುತ್ತದೆ ಎಂದು ತಲೆಯಾಡಿಸುತ್ತಿದ್ದರು. ಗೆದ್ದಾಗಿತ್ತು. ಎದ್ದು ಭಾಷಣ ಓದಿ ಕೂತರೆ ಮುಗಿಯಿತು.

ಎದ್ದೆ. ಭಾಷಣದ ಹಾಳೆಯ ಹಿಂಬದಿಯಲ್ಲಿ "ಒಂದು ದಿನ ಬಿಟ್ಟು ಅರ್ಧ ಮಾತ್ರೆ" ಎಂದು ದಪ್ಪಗೆ ಬರೆದು ಎತ್ತಿ ಹಿಡಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. "ಇದು ನಿಮ್ಮ ಮಾತ್ರೆ ಮೇಲೆ ಅಂಟಿಸಿದೆ ಅಂದ್ಕೊಳ್ಳಿ. ಇವತ್ತಿನಿಂದ ಮುಂದಿನ ಗುರುವಾರದ ತನಕ ಎಷ್ಟು ಅರ್ಧ ನುಂಗ್ತೀರಿ? ಪಕ್ಕದವರಿಗೆ ತೋರಿಸದೆ ಬರೀರಿ" ಎಂದೆ. ಒಬ್ಬರು ನಕ್ಕರು. ಆದರೂ ಬರೆದರು.

ಮೂರು. ಆರು. ನಾಲ್ಕು. ಮೂರು. ಆರು.

ಓದಿದ್ದು ಒಂದೇ ವಾಕ್ಯ, ಓದಿದವರು ಐದು ಜನ ವಿದ್ಯಾವಂತರು. "ಇದನ್ನ ಬರ್ದಿದ್ದು ನಾನು. ಶಿಬಿರದಲ್ಲಿ. ಆರು ಅಂತ ಓದಿದ ಒಬ್ಬರು ಆಸ್ಪತ್ರೆ ಸೇರಿ ಸಾವಿನ ಬಾಗಿಲು ನೋಡಿ ಬಂದ್ರು. ಅವರು ಓದಿದ್ದು ತಪ್ಪಲ್ಲ. ನಾನು ಕೇಳಲಿಲ್ಲ" ಎಂದೆ. ಆಮೇಲೆ ಹೇಳಿದ್ದೆಲ್ಲ ಸರಿಯಾಗಿ ನೆನಪಿಲ್ಲ. ಅಕ್ಷರ ಬೇಕು, ಆದರೆ ಅಷ್ಟೇ ಸಾಲದು. ಹೇಗೆ ನುಂಗುತ್ತೀರಿ ಎಂದು ಅವರ ಬಾಯಿಂದಲೇ ಹೇಳಿಸಿಕೊಂಡ ಮೇಲೆ ಔಷಧ ಕೈಗೆ ಕೊಡಬೇಕು, ಅದನ್ನೂ ಸೇರಿಸಿ ಎಂದಿದ್ದೇನಂತೆ.

ಅಧ್ಯಕ್ಷರು ಯಜಮಾನರ ಕಡೆ ತಿರುಗಿ, ನಿಮ್ಮ ಕೆಲಸವನ್ನು ಈ ಹುಡುಗಿಯೇ ಮಾಡಿಬಿಟ್ಟಳಲ್ಲ, ಇನ್ನೇನಾದರೂ ಹೇಳುವುದಿದೆಯೇ ಎಂದರು. ಯಜಮಾನರು ಎದ್ದರು. ಡಬ್ಬಿ ತೆರೆದು ಮುಚ್ಚಳ ಸಮಿತಿಯ ಕಡೆ ತಿರುಗಿಸಿ ಇಟ್ಟರು. ಒಳಗೆ ನನ್ನ ಸ್ಟಿಕ್ಕರ್.

"ಬರ್ದಿದ್ದು ಇವಳು. ಮಾತ್ರೆ ಕೊಟ್ಟಿದ್ದು ನಾನು. ಮೂರು ವಾರ ಬರಬೇಕಾದ ಮಾತ್ರೆ ಹತ್ತು ದಿನಕ್ಕೆ ಮುಗಿದಿತ್ತು. ನಲವತ್ತು ವರ್ಷದ ಅನುಭವ ನನ್ನದು, ಯಾಕಮ್ಮಾ ಇಷ್ಟು ಬೇಗ ಅಂತ ಒಂದು ಮಾತು ಕೇಳಲಿಲ್ಲ. ಆವತ್ತು ನಾನು ಈ ಆಕ್ಷೇಪ ಪತ್ರ ಬರೀತಾ ಇದ್ದೆ." ಮುಚ್ಚಳದ ಮೇಲೆ ಬೆರಳಿಟ್ಟರು. "ಇದನ್ನ ಇವಳಿಗೆ ತೋರಿಸೋಕೆ ಇಟ್ಕೊಂಡಿದ್ದಲ್ಲ. ಕನ್ನಡಕ ತೆಗೆದಾಗೆಲ್ಲ ನನ್ನ ಕಣ್ಣಿಗೆ ಬೀಳಲಿ ಅಂತ."

ಹದಿನಾಲ್ಕನೇ ತಾರೀಕು ನಾನು ಪಕ್ಕದಲ್ಲೇ ನಿಂತು ಹಿಗ್ಗುತ್ತಿದ್ದೆ. ಖಾಲಿ ಹಾಳೆ ನಾನೂ ನೋಡಿದ್ದೆ. ನನಗೂ ಎಣಿಸಲು ಬರುತ್ತದೆ.

ಬೇಡಿಕೆ ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ವಿದ್ಯಾರ್ಥಿಗಳೂ ಅಂಗಡಿಯವರೂ ಕೂಡಿ ಕೂತು ಮೂರು ತಿಂಗಳಲ್ಲಿ ಬೇರೆ ಕರಡು ತನ್ನಿ ಎಂದರು. ಮೈಕು ನನ್ನ ಜೊತೆ ಬಸ್ಸು ಹತ್ತಲಿಲ್ಲ.

ಜುಲೈ 2, ಸೋಮವಾರ

ಪ್ರಾಂಶುಪಾಲರು ಬರಹದಲ್ಲಿ ವಿವರಣೆ ಕೇಳಿದ್ದಾರೆ. ಬರೆದುಕೊಟ್ಟೆ. ಅದು ತೀರ್ಮಾನವಾಗುವ ತನಕ ಶಿಬಿರ ಇಲ್ಲ. ಮೈಕುವಿನಿಂದ ಒಂದೇ ಸಾಲಿನ ಸಂದೇಶ: "ಕರಡು ಯಾವಾಗ ಶುರು ಮಾಡೋದು?" ಇನ್ನೂ ಸಿಟ್ಟಿದೆ, ಆದರೆ ಬರುತ್ತಾನೆ.

ಜುಲೈ 7, ಶನಿವಾರ

ತರಬೇತಿಯ ಕೊನೆಯ ದಿನ. ಟೀಚರು ಮಗಳ ಕೈ ಹಿಡಿದುಕೊಂಡು ಅಂಗಡಿಗೇ ಬಂದರು, ಇಳಿದುಹೋಗಿದ್ದಾರೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ, ಇದು ವಾರಕ್ಕೆ ಮೂರೇ. ಯಜಮಾನರು ಪೆನ್ನು ನನ್ನ ಕಡೆ ತಳ್ಳಿದರು. ಲಕೋಟೆಯ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ಎಂದು ಬರೆದು, ಬೆಳಿಗ್ಗೆ ಒಂದು ಪೂರ್ತಿ ಮಾತ್ರೆ, ಉಳಿದ ದಿನ ಬೇಡ ಎಂದು ಸೇರಿಸಿದೆ. ಕೊಡುವ ಮುಂಚೆ, ಹೇಗೆ ತೆಗೆದುಕೊಳ್ಳುತ್ತೀರಿ ಹೇಳಿ ಟೀಚರ್ ಎಂದೆ.

"ನನಗೇ ಪರೀಕ್ಷೆನಾ?" ಎಂದರು. ಆದರೂ ಒಪ್ಪಿಸಿದರು, ಒಂದೊಂದೇ ವಾರ ಬೆರಳು ಮಡಚಿ. ಆಮೇಲೆ ಬೇಕಾದದ್ದು ಬೇಡವಾದದ್ದು ಎಲ್ಲ ಹೇಳಿದರು: ನಿದ್ದೆ, ಮಗಳ ಹಟ, ಎದುರು ಮನೆಯ ನಾಯಿ. ಹಿಂದೆ ನಾಲ್ಕು ಜನ ಗಿರಾಕಿಗಳು ಕಾಯುತ್ತಿದ್ದರು. ಕಾದರು. ನಾಯಿಯ ಮಾತಿನ ನಡುವೆಯೇ, ಮೊನ್ನೆಯಿಂದ ಕೆಮ್ಮಿಗೆಂದು ಮನೆಯಲ್ಲಿದ್ದ ಹಳೆಯ ಔಷಧ ಕುಡಿಯುತ್ತಿದ್ದೇನೆ ಎಂಬುದೂ ಬಂತು. ಅದು ಇದರ ಜೊತೆ ಆಗದು; ನಿಲ್ಲಿಸಲು ಹೇಳಿದೆ.

ಸಂಜೆ ಪುಸ್ತಕ ಮುಂದಿಟ್ಟೆ. ಯಜಮಾನರು ಡಬ್ಬಿ ತೆಗೆದು ಕನ್ನಡಕ ಹಾಕಿಕೊಂಡರು. ಸ್ಟಿಕ್ಕರ್ ಇನ್ನೂ ಅಲ್ಲಿಯೇ ಇದೆ, ಅಂಚು ಸ್ವಲ್ಪ ಎದ್ದಿದೆ. ಸಹಿ ಹಾಕಿ, ಪುಸ್ತಕ ಮುಚ್ಚಿ ಕೈಗೆ ಕೊಟ್ಟು, ಇನ್ನು ಹೊರಡು ಎಂದರು.

ಬಸ್ಸಿನಲ್ಲಿ ತೆರೆದು ನೋಡಿದೆ. ವಿದ್ಯಾರ್ಥಿಯ ಬಗ್ಗೆ ಅಭಿಪ್ರಾಯ ಎಂದು ಆರು ಗೆರೆ ಖಾಲಿ ಬಿಟ್ಟಿರುತ್ತಾರೆ. ಅಷ್ಟು ಜಾಗದಲ್ಲಿ ಕಾಗೆಕಾಲಿನ ಒಂದೇ ಪದ: "ಕೇಳುತ್ತಾಳೆ."

ಪ್ರಶ್ನೆ ಕೇಳುತ್ತಾಳೆ ಎಂದೋ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾಳೆ ಎಂದೋ? ಹೇಗೆ ಬೇಕಾದರೂ ಓದಬಹುದು. ಇಷ್ಟೆಲ್ಲ ಆದ ಮೇಲೂ ಹೀಗೆ ಬರೆಯುತ್ತಾರಲ್ಲ! ಸೋಮವಾರ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಕೇಳಬೇಕು.